ಕೈಬರಹದ ಕ್ಷಮೆ

ನನಗೊಂದು ಚಟವಿತ್ತು. ಮಧ್ಯಾಹ್ನ ಊಟ ಮುಗಿಸಿ ಆಫೀಸಿಗೆ ಮರಳುವ ಮುನ್ನ ಸಿಗುವ ಇಪ್ಪತ್ತು ನಿಮಿಷದಲ್ಲಿ ಫೋನಿನಲ್ಲೇ ಏನಾದರೂ ಗೀಚಿ ಬ್ಲಾಗಿಗೆ ಹಾಕುವುದು. ಹೆಸರು ‘ಹಳದಿ ಮೂಲಂಗಿ’. ಘನವಾದದ್ದೇನೂ ಇರುತ್ತಿರಲಿಲ್ಲ. ‘ಲೋಡ್ ಆಗುತ್ತಿದೆ’ ಎಂಬ ಪಟ್ಟಿ ತೊಂಬತ್ತೊಂಬತ್ತಕ್ಕೆ ಬಂದು ನಿಂತರೆ ಮನುಷ್ಯ ಯಾಕೆ ಉಸಿರು ಬಿಗಿಹಿಡಿಯುತ್ತಾನೆ, ಆಟದೊಳಗಿನ ಅಂಗಡಿಯವನು ಊರಿಗೆ ಬೆಂಕಿ ಬಿದ್ದರೂ ಯಾಕೆ ಮದ್ದು ಮಾರುತ್ತಲೇ ಇರುತ್ತಾನೆ, ಇಂಟರ್ನೆಟ್ಟಿನಲ್ಲಿ ಜಗಳವಾಡುವವರೆಲ್ಲ ಯಾಕೆ ಸರಿಯಾಗಿ ಊಟದ ಹೊತ್ತಿಗೇ ಆಡುತ್ತಾರೆ, ಇಂಥವು. ಓದುಗರು ಮುನ್ನೂರು ಚಿಲ್ಲರೆ. ಅಷ್ಟಕ್ಕೇ ನನಗೆ ತಲೆ ನಿಲ್ಲುತ್ತಿರಲಿಲ್ಲ.

ಸಾಫ್ಟ್‌ವೇರ್ ಕಂಪನಿಗಳೇ ತುಂಬಿದ ಪಾಂಗ್ಯೊ ಬಡಾವಣೆಯ ಒಂದು ಗೇಮ್ ಕಂಪನಿಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ನಮ್ಮ ಆಟದಲ್ಲಿ ಜನ ದುಡ್ಡು ಕೊಟ್ಟು ಅದೃಷ್ಟದ ಪೆಟ್ಟಿಗೆ ತೆರೆಯುತ್ತಾರೆ. ಒಳಗೆ ಒಳ್ಳೆಯ ಕತ್ತಿ ಇರಬಹುದು, ಹರಿದ ಬೂಟೂ ಇರಬಹುದು. ತೆರೆಯುವಾಗ ಬರುವ ಆ ಬೆಳಕು, ಆ ಸದ್ದು, ಪೆಟ್ಟಿಗೆಯ ಆ ನಡುಕ ನನ್ನ ಕೆಲಸ. ಮಾರ್ಚಿನ ಒಂದು ಮಧ್ಯಾಹ್ನ ಬ್ಲಾಗಿನಲ್ಲಿ ಹೀಗೆ ಬರೆದೆ: “ನೂರು ಸಲ ಪೆಟ್ಟಿಗೆ ತೆರೆಯುವವರನ್ನು ಕಂಡರೆ ಗಾಜಿನ ತೊಟ್ಟಿಯ ಮೀನುಗಳ ನೆನಪಾಗುತ್ತದೆ. ಗಾಜು ತಟ್ಟಿದರೆ ಸಾಕು, ಬಾಯಿ ತೆರೆಯುತ್ತವೆ. ತಟ್ಟುವ ಕೈ ನನ್ನದು.” ಬರೆದು ನಾನೇ ನಕ್ಕೆ. ಜೊತೆಗೆ ಎದುರಿಗಿದ್ದ ಐಸ್ ಕಾಫಿಯ ಟ್ರೇಯ ಫೋಟೋ ಹಾಕಿದೆ.

ಆ ಟ್ರೇಯ ಮೇಲೆ ರಸೀದಿ ಬಿದ್ದಿತ್ತು. ಕೆಫೆಯಲ್ಲಿ ಫೋನ್ ನಂಬರ್ ಹೇಳಿದರೆ ಪಾಯಿಂಟ್ ಸೇರುತ್ತದೆ, ಹತ್ತು ಕಪ್ಪಿಗೆ ಒಂದು ಪುಕ್ಕಟೆ. ಒಬ್ಬೊಬ್ಬರು ಒಂದೊಂದು ನಂಬರ್ ಹೇಳಿದರೆ ಹತ್ತಾಗುವುದು ಯಾವ ಕಾಲಕ್ಕೆ? ಹಾಗಾಗಿ ನಮ್ಮ ತಂಡದ ಎಂಟೂ ಜನ ಒಂದೇ ನಂಬರ್ ಹೇಳುತ್ತಿದ್ದೆವು, ಪ್ಯೊ ಇನ್ಹಾಳದ್ದು. ಅವಳಿಗೆ ಇಪ್ಪತ್ತೊಂಬತ್ತು ವರ್ಷ. ಆಟದ ರಾಕ್ಷಸರಿಗೆ ನಡಿಗೆ ಕಲಿಸುವ ಕೆಲಸ ಅವಳದು. ಪೆಟ್ಟಿಗೆಗೂ ಅವಳಿಗೂ ಸಂಬಂಧವೇ ಇಲ್ಲ. ರಸೀದಿಯ ತುದಿಯಲ್ಲಿ ‘ಸದಸ್ಯೆ: ಪ್ಯೊ*ಹಾ’ ಎಂದು, ಕೆಳಗೆ ನಂಬರಿನ ಕೊನೆಯ ನಾಲ್ಕು ಅಂಕಿ ಅಚ್ಚಾಗಿತ್ತು. ಅದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಸೋಮವಾರ ಬೆಳಿಗ್ಗೆ ಯಾರೋ ನನ್ನ ಬರಹವನ್ನು ನಮ್ಮ ಆಟ ಆಡುವವರ ದೊಡ್ಡ ಆನ್‌ಲೈನ್ ವೇದಿಕೆಯೊಂದಕ್ಕೆ ಅಂಟಿಸಿದರು. ಊಟದ ಹೊತ್ತಿಗೆ ನಾಲ್ಕು ಸಾವಿರ ಕಾಮೆಂಟು. ಎರಡು ಗಂಟೆಗೆ ಒಬ್ಬ ಮಹಾಶಯ ರಸೀದಿಯನ್ನು ದೊಡ್ಡದು ಮಾಡಿ ಹಾಕಿದ. ಮೂರು ಗಂಟೆಗೆ ಇನ್ನೊಬ್ಬ, ಇನ್ಹಾ ಕಾಲೇಜಿನಲ್ಲಿದ್ದಾಗ ಹಳೆಯ ಕೀಬೋರ್ಡ್ ಮಾರಲು ಎಲ್ಲೋ ಹಾಕಿದ್ದ ಜಾಹೀರಾತು ಹುಡುಕಿ ತಂದ. ಅದೇ ನಾಲ್ಕು ಅಂಕಿ, ಪೂರ್ತಿ ಹೆಸರು. ನಾಲ್ಕು ಗಂಟೆಗೆ ಅವಳ ಫೋಟೋ ಬಂತು. “ಗಾಜು ತಟ್ಟುವ ಅಮ್ಮಣ್ಣಿ ಇವಳೇ ನೋಡಿ” ಎಂದು.

ನಾನು ಮಾಡಿದ ಮೊದಲ ಕೆಲಸವೆಂದರೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಬ್ಲಾಗನ್ನು ಅಳಿಸಿದ್ದು. ಎಂಥ ಎಡವಟ್ಟು! ಐದೇ ನಿಮಿಷದಲ್ಲಿ ವೇದಿಕೆಯಲ್ಲಿ ಕೇಕೆ: “ಓಡಿದಳು! ಹೆದರಿ ಅಳಿಸಿದಳು! ಚಿಂತೆ ಬೇಡ, ಪಿಡಿಎಫ್ ಮಾಡಿ ಇಟ್ಟುಕೊಂಡಿದ್ದೀವಿ.” ಅಳಿಸಿದವನು ನಾನು, ಕಳ್ಳಿಯಾದವಳು ಅವಳು.

ಹೊರಗೆ ಬಂದಾಗ ಇನ್ಹಾ ತನ್ನ ಕುರ್ಚಿಯಲ್ಲಿ ಫೋನನ್ನು ಬೋರಲು ಹಾಕಿಕೊಂಡು ಕೂತಿದ್ದಳು. ಅದು ಮೇಜಿನ ಮೇಲೆ ಗುಂಯ್‌ಗುಡುತ್ತಲೇ ಇತ್ತು.

“ತಾಕ್ ಸೊನ್‌ಬೇ, ನೋಡಿದ್ರಾ?” ಅಂದಳು. ಮೊದಲು ಕೆಲಸಕ್ಕೆ ಸೇರಿದವರನ್ನು ನಮ್ಮಲ್ಲಿ ಕರೆಯುವುದೇ ಹಾಗೆ. “ನಂಗೆ ಬ್ಲಾಗೇ ಇಲ್ಲ. ಯಾರ್ ಬರ್ದಿದ್ದೋ ಏನೋ. ನಮ್ ತಂಡದವರೇ ಇರ್ಬೇಕು, ನಂಬರ್ ನಂದೇ.”

“ಎಂಟು ಜನ ಬಳಸ್ತೀವಲ್ಲ,” ಅಂದೆ. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು. “ನಾಳೆ ಹೊತ್ತಿಗೆ ಮರೀತಾರೆ ಬಿಡು. ಈ ಜನಕ್ಕೆ ಬೇರೆ ಕೆಲ್ಸ ಇಲ್ಲ.”

ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಕೆಲಸ ಹೋಗುತ್ತದೆ ಎಂಬುದು ಒಂದು ಹೆದರಿಕೆ, ಸುಳ್ಳೇಕೆ ಹೇಳಲಿ. ಆದರೆ ಅದಕ್ಕಿಂತ ದೊಡ್ಡದು ನನ್ನ ಮಗಳು ಗಾರಮ್. ಎರಡನೆಯ ಕ್ಲಾಸು, ಶಾಲೆಗೆ ಒಬ್ಬಳೇ ನಡೆದು ಹೋಗುತ್ತಾಳೆ. ನನ್ನ ಹೆಸರು ಸಿಕ್ಕರೆ ಅವರಿಗೆ ಅವಳ ಶಾಲೆ ಹುಡುಕಲು ಎಷ್ಟು ಹೊತ್ತು ಬೇಕು? ಇನ್ಹಾಳ ಮುಖ ನೋಡಿದಾಗಲೆಲ್ಲ ನಾನು ಆ ಲೆಕ್ಕವನ್ನೇ ಹಾಕುತ್ತಿದ್ದೆ.

ಮಂಗಳವಾರವೂ ಯಾರೂ ಮರೆಯಲಿಲ್ಲ. ಬುಧವಾರ ಬೆಳಿಗ್ಗೆ ಲಾರಿ ಬಂತು. ಆಟಗಾರರು ಚಂದಾ ಎತ್ತಿ, ಬದಿಗೆ ದೊಡ್ಡ ಎಲ್‌ಇಡಿ ಪರದೆ ಕಟ್ಟಿದ ಲಾರಿಯನ್ನು ಬಾಡಿಗೆಗೆ ಹಿಡಿದು ಕಂಪನಿಯ ಮುಂದೆ ನಿಲ್ಲಿಸುವುದು ಈಗ ನಮ್ಮಲ್ಲಿ ಮಾಮೂಲು. ಬೇರೆ ಕಂಪನಿಯ ಮುಂದೆ ನಿಂತಾಗ ಕಿಟಕಿಯಿಂದ ನೋಡಿ ನಕ್ಕಿದ್ದೇನೆ, ಅದರ ಬಗ್ಗೆ ಬ್ಲಾಗಿನಲ್ಲಿ ತಮಾಷೆಯನ್ನೂ ಬರೆದಿದ್ದೇನೆ. ಈ ಲಾರಿಯ ಪರದೆಯ ಮೇಲೆ ಓಡುತ್ತಿದ್ದದ್ದು ನನ್ನ ವಾಕ್ಯ. ‘ತಟ್ಟುವ ಕೈ ನನ್ನದು’ ಎಂದು ಆಳೆತ್ತರದ ಅಕ್ಷರಗಳಲ್ಲಿ. ಅದರ ಕೆಳಗೆ, ‘ನಾವು ಮೀನಲ್ಲ. ಪ್ಯೊ, ಹೊರಗೆ ಬಾ.’

ಭಯದ ಆಟ ಕಟ್ಟುವಾಗ ನಾವು ದೆವ್ವವನ್ನು ತೋರಿಸುವುದಿಲ್ಲ, ಹೆಜ್ಜೆಯ ಸಪ್ಪಳ ಕೇಳಿಸುತ್ತೇವೆ. ಉಳಿದದ್ದನ್ನು ಆಡುವವನ ತಲೆಯೇ ಮಾಡಿಕೊಳ್ಳುತ್ತದೆ. ಇದನ್ನು ಹೊಸಬರಿಗೆ ಪಾಠ ಹೇಳಿದವನು ನಾನೇ. ಆ ಬೆಳಿಗ್ಗೆ ಲಿಫ್ಟಿನ ಬಾಗಿಲು ತೆರೆದ ಪ್ರತಿ ಸಲವೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಬಂದವನು ನೀರಿನ ಕ್ಯಾನ್ ತರುವವನೋ ಕೊರಿಯರಿನವನೋ ಆಗಿರುತ್ತಿದ್ದ.

ಇನ್ಹಾ ಹತ್ತೂವರೆಗೆ ಬಂದಳು. ಮುಖ ಬಿಳಿಚಿಕೊಂಡಿತ್ತು. ಚೀಲದಿಂದ ಒಂದು ಒಣಮೀನು ತೆಗೆದು ನನ್ನ ಮೇಜಿನ ಮೇಲಿಟ್ಟಳು. ಹೊಸ ಅಂಗಡಿಯ ಬಾಗಿಲಿಗೆ ಶುಭಕ್ಕೆಂದು ದಾರ ಸುತ್ತಿ ತೂಗುಹಾಕುತ್ತೇವಲ್ಲ, ಅದೇ ಮೀನು.

“ನಮ್ಮನೆ ಬಾಗ್ಲಿಗೆ ನೇತಾಕಿದ್ರು,” ಅಂದಳು. “ಐದನೇ ಮಹಡಿ, ಸೊನ್‌ಬೇ. ಕೆಳಗಿನ ಗೇಟಿಗೆ ಕೋಡ್ ಒತ್ಬೇಕು. ಅದ್ ದಾಟಿ ಬಂದಿದಾರೆ. ರಾತ್ರಿಯೆಲ್ಲ ನಾನು ಒಳಗೇ ಇದ್ದೆ, ಒಂದ್ ಸದ್ದೂ ಕೇಳ್ಸ್ಲಿಲ್ಲ.”

ಆ ಮೀನಿನ ಬಾಯಿ ಅಗಲವಾಗಿ ತೆರೆದಿತ್ತು. ನಾನು ಅದನ್ನು ಆಚೆಗೆ ತಿರುಗಿಸಿಟ್ಟೆ.

ಮಧ್ಯಾಹ್ನ ಡೈರೆಕ್ಟರ್ ಮೇಂಗ್ ನಮ್ಮಿಬ್ಬರನ್ನೂ ಮೀಟಿಂಗ್ ಕೋಣೆಗೆ ಕರೆದರು. ಒಳ್ಳೆಯ ಮನುಷ್ಯನೇ, ಆದರೆ ಮೂರು ದಿನದಿಂದ ನಿದ್ದೆಯಿಲ್ಲ.

“ಇನ್ಹಾ, ಒಂದು ಕ್ಷಮಾಪತ್ರ ಬರೆದ್ಬಿಡಮ್ಮ. ಕೈಬರಹದಲ್ಲಿ. ಟೈಪ್ ಮಾಡಿದ್ರೆ ಮನಸಿಲ್ಲದೆ ಮಾಡಿದಾರೆ ಅಂತಾರೆ. ಐದು ಗಂಟೆಗೆ ಫೋಟೋ ಹಾಕಿದ್ರೆ ಆರಕ್ಕೆ ಲಾರಿ ಹೋಗತ್ತೆ.”

“ನಾನ್ ಬರೀಲಿಲ್ಲ ಸರ್, ಆ ಬ್ಲಾಗ್. ಮೂರು ದಿನದಿಂದ ಹೇಳ್ತಾನೇ ಇದೀನಿ.”

“ನಂಬ್ತೀನಿ ಮಾರಾಯ್ತಿ! ನಾನ್ ನಂಬಿದ್ರೆ ಲಾರಿ ಹೋಗತ್ತಾ? ಇಲ್ಲಾ ಬರೆದವರ ಹೆಸರು ಕೊಡು. ಇದ್ಯಾ?” ಮೇಂಗ್ ನನ್ನ ಕಡೆ ತಿರುಗಿದರು. “ತಾಕ್, ನೀನ್ ಬರವಣಿಗೇಲಿ ಗಟ್ಟಿಗ. ಡ್ರಾಫ್ಟ್ ಮಾಡ್ಕೊಡು, ಅವಳು ನಕಲು ಮಾಡ್ತಾಳೆ.”

“ಆಯ್ತು ಸರ್,” ಅಂದೆ. ಆ ಮಾತಿಗೆ ಇವತ್ತಿಗೂ ನನಗೆ ನಾನೇ ಉಗಿದುಕೊಳ್ಳುತ್ತೇನೆ.

ಅರ್ಧ ಗಂಟೆ ಹಿಡಿಯಿತು. ಬರೆಯಲು ಕೂತರೆ ಸರಾಗವಾಗಿ ಬಂತು, ಅದೇ ನನ್ನ ಗ್ರಹಚಾರ. ನಗಿಸಲು ಬರೆದೆ, ನಗುವಾಗ ಆಚೆ ಇರುವವರ ಮುಖ ನೆನೆಯಲಿಲ್ಲ. ಹಗಲೆಲ್ಲ ದುಡಿದು ಬಂದವರು ಒಂದು ಗಳಿಗೆಯ ಖುಷಿಗೆ ಆ ಪೆಟ್ಟಿಗೆ ತೆರೆಯುತ್ತಾರೆ, ನನ್ನ ಅನ್ನ ಬಂದದ್ದೂ ಅಲ್ಲಿಂದಲೇ. ಹೀಗೆಲ್ಲ ಬರೆದು ಕಾಗದವನ್ನು ಅವಳ ಮುಂದೆ ತಳ್ಳಿದೆ. ಮೇಂಗ್ ಫೋನಿನಲ್ಲಿ ಮಾತಾಡುತ್ತ ಹೊರಗೆ ಹೋಗಿದ್ದರು. ಕಿಟಕಿಯ ಕೆಳಗೆ ಲಾರಿ ನಿಂತೇ ಇತ್ತು.

ಇನ್ಹಾ ನಕಲು ಮಾಡಲು ಶುರುಮಾಡಿದಳು. ಅವಳ ಅಕ್ಷರ ದುಂಡಗೆ, ಶಾಲೆಯ ಮಕ್ಕಳ ಥರ. ಮೂರನೆಯ ಸಾಲಿಗೆ ಪೆನ್ನು ನಿಂತಿತು. ನನ್ನ ಕಾಗದವನ್ನು ಮೊದಲಿಂದ ಮತ್ತೆ ಓದಿದಳು, ತುಂಬ ನಿಧಾನವಾಗಿ.

“ಸೊನ್‌ಬೇ,” ಅಂದಳು, ತಲೆಯೆತ್ತದೆ. “ಸುಮ್ನೆ ಬೇರೆಯೋರ್ಗೆ ಬರ್ಕೊಡೋರು ‘ತೊಂದರೆಗಾಗಿ ವಿಷಾದಿಸುತ್ತೇನೆ’ ಅಂತ ಬರೀತಾರೆ. ತಪ್ಪು ಮಾಡ್ದೋರ್ಗೆ ಹೊರ್ತು ಬೇರೆ ಯಾರ್ಗೂ ಹಿಂಗ್ ಬರ್ಯಕ್ ಬರಲ್ಲ.”

ನಾನು ಕಿಟಕಿಯ ಕೆಳಗಿನ ಲಾರಿಯತ್ತ ನೋಡಿದೆ.

“ನೀವಾ?”

ಕೂಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವಳು ಪಿಸುಗುಟ್ಟಿದ್ದಳು, ಹೊರಗಿನವರಿಗೆ ಕೇಳದ ಹಾಗೆ. ಆಗಲೂ ನನ್ನ ಮಾನ ಕಾಯುತ್ತಿದ್ದಾಳೆ ಅನ್ನಿಸಿ ತಲೆ ತಗ್ಗಿಸಿದೆ. ಹೌದೆಂದು ಹೇಳಲು ಅಷ್ಟೇ ಸಾಕಾಯಿತು.

“ನಿನ್ನೆ ರಾತ್ರಿ ಬಚ್ಚಲ ಬಾಗ್ಲಿಗೆ ಕುರ್ಚಿ ಒತ್ತಿ ಒಳಗ್ ಮಲಗಿದ್ದೆ,” ಅಂದಳು. “ನಿಮ್ಗೆ ಫೋನ್ ಮಾಡ್ಲಾ ಅಂತ ಎರಡ್ ಸಲ ಯೋಚ್ನೆ ಮಾಡ್ದೆ. ಆಫೀಸಲ್ಲಿ ನಂಗೆ ಧೈರ್ಯ ಹೇಳಿದ್ದು ನೀವೊಬ್ರೇ.”

“ನಂಗೆ ಹೆದ್ರಿಕೆ ಆಯ್ತು ಇನ್ಹಾ. ಮನೇಲಿ ಮಗು ಇದೆ.”

“ನಂಗೂ ಆಯ್ತು.”

ತಾನು ಬರೆದಿದ್ದ ಮೂರು ಸಾಲಿನ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡಳು. ಹೊಸ ಹಾಳೆಯನ್ನೂ ಪೆನ್ನನ್ನೂ ನನ್ನ ಮುಂದಿಟ್ಟು ಕೈಕಟ್ಟಿ ಕೂತಳು. ಪೆನ್ನಿಗೆ ಅವಳ ಬೆವರು ಅಂಟಿತ್ತು.

ಮೊದಲ ಹಾಳೆ ಹಾಳಾಯಿತು, ಅಕ್ಷರಗಳು ಸೊಟ್ಟಗೆ ಓಡುತ್ತಿದ್ದವು. ಎರಡನೆಯದರಲ್ಲಿ ಪೂರ್ತಿ ಬರೆದೆ. ನಗಿಸಲು ಹೋಗಿದ್ದೆ ಎಂಬಲ್ಲಿಂದ ಹಿಡಿದು, ಮೂರು ದಿನ ಬೇರೊಬ್ಬಳನ್ನು ಮುಂದೆ ಬಿಟ್ಟು ಅವಿತಿದ್ದೆ ಎಂಬಲ್ಲಿಯವರೆಗೆ. ಕೆಳಗೆ ತಾರೀಕು, ಅದರ ಕೆಳಗೆ ತಾಕ್ ಗ್ಯೊಂಗ್‌ಮೊ. ಮೇಂಗ್ ಒಳಗೆ ಬಂದು ಹಾಳೆ ಎತ್ತಿಕೊಂಡರು. ಹೆಸರು ಓದಿ ನನ್ನ ಮುಖ ನೋಡಿದರು, ಇನ್ಹಾಳ ಮುಖ ನೋಡಿದರು, ಮತ್ತೆ ಹೆಸರು ಓದಿದರು. ಬೈಯಲೂ ಅವರಿಗೆ ತ್ರಾಣವಿರಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು ಫೋಟೋ ತೆಗೆದರು.

“ಹತ್ತೇ ನಿಮಿಷ ತಡೀರಿ ಸರ್,” ಅಂದೆ. “ಮನೆಗೊಂದು ಫೋನ್ ಮಾಡ್ತೀನಿ.”

ಹೆಂಡತಿ ಎರಡನೆಯ ರಿಂಗಿಗೇ ಎತ್ತಿಕೊಂಡಳು. ಹಿಂದೆ ಟೀವಿಯ ಸದ್ದಿತ್ತು.

“ಇವತ್ತು ಗಾರಮ್‌ನ ನೀನೇ ಹೋಗಿ ಕರ್ಕೊಂಡ್ ಬಾ,” ಅಂದೆ. “ಈಗ್ಲೇ ಹೊರಡು. ಮನೆಗ್ ಬಂದ್ಮೇಲೆ ಯಾರ್ ಬೆಲ್ ಒತ್ತಿದ್ರೂ ಬಾಗ್ಲು ತೆಗೀಬೇಡ. ಊಟ ತಂದಿದೀನಿ ಅಂದ್ರೂ ತೆಗೀಬೇಡ.”

“ಯಾಕ್ರೀ? ಯಾರು ಬರ್ತಾರೆ?”

ಗೊತ್ತಿಲ್ಲ ಅಂದೆ. ನಿಜಕ್ಕೂ ಗೊತ್ತಿರಲಿಲ್ಲ. ಆಚೆ ಅವಳು ಟೀವಿ ಆರಿಸಿದಳು. ಆ ನಿಶ್ಶಬ್ದದಲ್ಲಿ ಅವಳ ಉಸಿರು ಬಿಗಿಯಾದದ್ದು ನನಗೆ ಕೇಳಿಸಿತು.