ಕಸ್ತೂರೆವ್ವನ ಗಂಟಲು, ಆಯುಧಪೂಜೆಯ ಫ್ರಿಜ್ಜು

೧
ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಗಂಟಲಿನಿಂದ ಎಂದುಕೊಂಡೆ. ಎರಡು ಸಾವಿರದ ಒಂಬತ್ತು, ಹಂದಿಜ್ವರದ ವರ್ಷ. ಬಸವೇಶ್ವರನಗರದ ಒಂದು ಪುಟ್ಟ ಲ್ಯಾಬಿನಲ್ಲಿ ಕಸ್ತೂರೆವ್ವ ಬಾಯಿ ತೆರೆದು ಕೂತಿದ್ದಾಳೆ. ಟೆಕ್ನಿಷಿಯನ್ ಚೇತನಾ ಹತ್ತಿಕಡ್ಡಿಯಿಂದ ಅವಳ ಗಂಟಲು ಉಜ್ಜಿ, ಕಡ್ಡಿಯನ್ನು ಗುಲಾಬಿ ದ್ರವದ ಟ್ಯೂಬಿಗೆ ಇಳಿಸಿ ಮುಚ್ಚಳ ಬಿಗಿದಳು.

(ಆರಂಭದಲ್ಲೇ ಗಂಟಲು ಬಂದರೆ ಓದುಗರು ಕೆಮ್ಮುತ್ತಾರೆಂದು ಈ ಡ್ರಾಫ್ಟನ್ನು ಹರಿದಿದ್ದೆ. ಮತ್ತೆ ಅಂಟಿಸಿದ್ದೇನೆ. ಗೋಂದು ಕಂಡರೆ ಕ್ಷಮಿಸಿ.)

೨
ಕಸ್ತೂರೆವ್ವ ಬಾಗಲಕೋಟೆ ಕಡೆಯವಳು. ಸುಂಕದಕಟ್ಟೆಯಲ್ಲಿರುವ ಮಗಳ ಬಾಣಂತನಕ್ಕೆಂದು ಬಸ್ಸು ಹತ್ತಿದಳು; ಬಸ್ಸಿನಲ್ಲೇ ಜ್ವರ ಬಂತು. ರಿಪೋರ್ಟ್ ಬರುವ ತನಕ ಕೂಸಿನ ಹತ್ತಿರ ಹೋಗುವಂತಿಲ್ಲ ಎಂದರು ಡಾಕ್ಟರು. ಈಗ ಮಗಳ ಮನೆಯಲ್ಲೇ ಪಕ್ಕದ ಕೋಣೆಯಲ್ಲಿದ್ದಾಳೆ. ಆಚೆ ಅಳಿಯ ಕೂಸಿಗೆ ಎರೆಯುತ್ತಾನೆ, ಈಚೆಯಿಂದ ಇವಳು ಗೋಡೆಗೆ ಬಾಯಿಟ್ಟು ಪಾಠ ಹೇಳುತ್ತಾಳೆ.

"ಕುತ್ತಿಗಿ ಹಿಂದ ಕೈ ಕೊಡಪಾ. ನೀರ ಸುಡತಾವೇನ ನೋಡಿದಿ?"

೩
ಇಲ್ಲೊಬ್ಬ ಖಳನಾಯಕ ಬೇಕಿತ್ತು. ಸಿಕ್ಕಿದ್ದು ಆಯುಧಪೂಜೆ.

ಅವತ್ತು ಕಸ್ತೂರೆವ್ವ ಲ್ಯಾಬಿಗೆ ಬರುವಷ್ಟರಲ್ಲಿ ಮಾಲೀಕ ನಾರಾಯಣಪ್ಪ ಮೈಕ್ರೋಸ್ಕೋಪಿಗೆ ವಿಭೂತಿ ಬಳಿದು, ಲ್ಯಾಬಿನ ಫ್ರಿಜ್ಜಿಗೆ ಕುಂಕುಮವಿಟ್ಟು, ಐಸ್ ಬಾಕ್ಸಿಗೆ ಸೇವಂತಿಗೆ ಮುಡಿಸಿ, ಬಾಗಿಲಲ್ಲಿ ಬೂದುಗುಂಬಳ ಒಡೆದಾಗಿತ್ತು.

"ಕಡ್ಡಿಗೆ ಪೂಜೆ ಆಗಿಲ್ಲ, ಬಳಸ್ಕೋಮ್ಮ. ಫ್ರಿಜ್ ಮಾತ್ರ ನಾಳೆವರ್ಗೂ ತೆಗೆಯೋ ಹಾಗಿಲ್ಲ. ಅದಕ್ಕೆ ಇವತ್ತು ರೆಸ್ಟು."

ಟ್ಯೂಬು ತಣ್ಣಗಿರಬೇಕು; ದೊಡ್ಡ ಲ್ಯಾಬಿನವರು ಒಯ್ಯುವುದು ಮಾರನೇ ದಿನ. ಚೇತನಾ ಅದನ್ನು ಡಬ್ಬಿಗೆ ಹಾಕಿ, ಮಹಡಿ ಮೇಲಿನ ನಾರಾಯಣಪ್ಪನವರ ಮನೆಯ ಫ್ರಿಜ್ಜಿನಲ್ಲಿಟ್ಟಳು. ಅವರ ಹೆಂಡತಿ ಮುನಿತಾಯಮ್ಮನಿಗೆ, "ಆಂಟಿ, ಇದನ್ನ ಮುಟ್ಬೇಡಿ," ಎಂದೂ ಹೇಳಿದಳು.

ಬೆಳಿಗ್ಗೆ ನೋಡಿದರೆ ಟ್ಯೂಬು ಕಲ್ಲಾಗಿತ್ತು.

"ನಾನು ಮುಟ್ಲಿಲ್ಲ ಕಣಮ್ಮ," ಎಂದರು ಮುನಿತಾಯಮ್ಮ. "ಇಕ್ಕಳದಲ್ಲಿ ಎತ್ತಿ ಮೇಲೆ ಫ್ರೀಜರ್‌ಗೆ ಇಟ್ಟೆ. ಕೋಸಂಬರಿ ಪಕ್ಕ ಯಾರದೋ ಗಂಟಲು ಯಾಕೆ? ಅಲ್ಲಾದ್ರೆ ಇನ್ನೂ ತಣ್ಣಗಿರುತ್ತೆ."

೪
ಇದು ವೈರಸ್ಸನ್ನು ಬೆಳೆಸಿ ನೋಡುವ ಪರೀಕ್ಷೆ. ಮನೆಯ ಫ್ರೀಜರಿನಲ್ಲಿಟ್ಟರೆ ವೈರಸ್ಸು ಸಾಯುತ್ತದೆ, ಸತ್ತದ್ದು ಬೆಳೆಯುವುದಿಲ್ಲ. ಇದೇ ಟ್ಯೂಬನ್ನು ಕಳಿಸಿದರೆ ರಿಪೋರ್ಟು ನೆಗೆಟಿವ್ ಬರುವುದೇ ಹೆಚ್ಚು. ನನಗೆ ಬಹಳ ಖುಷಿಯಾಯಿತು. ಕಸ್ತೂರೆವ್ವ ಕಾಲು ಚಾಚಿ ಕೂತು ಕೂಸಿಗೆ ಎರೆಯುವ ಮುಕ್ತಾಯವನ್ನು ಬರೆದೂಬಿಟ್ಟೆ. (ಸೀಗೆಪುಡಿಯ ವಾಸನೆ ಚೆನ್ನಾಗಿ ಬಂದಿತ್ತು.) ಚೇತನಾ ಪುಟದೊಳಗಿಂದ ನನ್ನ ಪೆನ್ನು ಹಿಡಿದುಕೊಂಡಳು.

"ಸಾರ್, ಆ ರಿಪೋರ್ಟ್ ಫ್ರೀಜರ್‌ದು. ಅಮ್ಮಂದಲ್ಲ."

"ಕಥೆ ಕಣಮ್ಮ ಇದು. ಓದುಗರಿಗೆ ಸುಖಾಂತ ಬೇಕು."

"ಹಾಗಾದ್ರೆ ಓದುಗರ ಮಗೂನ ಕೊಡಿ ಈ ಅಮ್ಮನ ಕೈಗೆ."

ಓದುಗರೇ, ನಿಮ್ಮನ್ನೊಂದು ಮಾತು ಕೇಳೋಣವೆಂದು ತಿರುಗಿದೆ. ನೀವು ಆಗಲೇ ನಿಮ್ಮ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಿದ್ದಿರಿ.

೫
(ಈ ಭಾಗವನ್ನು ತಮಾಷೆಯಾಗಿ ಬರೆಯಲು ಆಗಲಿಲ್ಲ.)

ನೇರವಾಗಿ ಕಸ್ತೂರೆವ್ವನನ್ನೇ ಕೇಳಿದೆ. ಹಳೇ ಟ್ಯೂಬನ್ನೇ ಕಳಿಸಿದರೆ ಬೇಗ ಕೂಸನ್ನು ಎತ್ತಿಕೊಳ್ಳಬಹುದು. ಹೊಸದಾಗಿ ತೆಗೆದರೆ ಕಾಯುವುದು ಮೊದಲಿನಿಂದ ಶುರು. ಸುಳ್ಳೆಂದು ನಮಗೆ ಮಾತ್ರ ಗೊತ್ತಿರುತ್ತದೆ. ಗೋಡೆಯಾಚೆ ಕೂಸು ಅಳುತ್ತಿತ್ತು.

"ಎತ್ತಕೋಬೇಕ ಅಂತ ಭಾಳ ಅನಸ್ತೈತ್ರಿ," ಎಂದಳು. "ಅದಕ್ಕ ಹಳೇದ ಬ್ಯಾಡ."

ನನಗೆ ದುಃಖವಾಯಿತು. ಬರೆದ ಮುಕ್ತಾಯಕ್ಕಲ್ಲ, ಅವಳ ಖಾಲಿ ಮಡಿಲಿಗೆ.

೬
ಮತ್ತೆ ಅದೇ ಲ್ಯಾಬು. ಫ್ರಿಜ್ಜಿನ ರೆಸ್ಟು ಮುಗಿದಿದೆ. ನಾರಾಯಣಪ್ಪ ಖುದ್ದಾಗಿ ಅದರ ಬಾಗಿಲು ಹಿಡಿದು ನಿಂತಿದ್ದಾರೆ. ಮುನಿತಾಯಮ್ಮನ ಇಕ್ಕಳವನ್ನು ಅಟ್ಟದ ಮೇಲೆ ಎತ್ತಿಡಲಾಗಿದೆ. ನನ್ನ ಬಳಿ ಮೂರು ಮುಕ್ತಾಯಗಳಿವೆ. ಒಂದರಲ್ಲಿ ಪಾಸಿಟಿವ್, ಇನ್ನೊಂದರಲ್ಲಿ ನೆಗೆಟಿವ್. ಮೂರನೆಯದರಲ್ಲಿ ಐಸ್ ಬಾಕ್ಸು ಮಾಗಡಿ ರಸ್ತೆಯ ಸ್ಪೀಡ್‌ಬ್ರೇಕರಿನಲ್ಲಿ ಹಾರಿ...

"ಆ ಅನ್ನಿ ಅಮ್ಮ," ಎಂದಳು ಚೇತನಾ, ಹೊಸ ಕಡ್ಡಿ ಹಿಡಿದು.

ಕಸ್ತೂರೆವ್ವ ಕಡ್ಡಿಯನ್ನು ಕೈಯಿಂದ ಒಂದಿಷ್ಟು ಸರಿಸಿ, ನನ್ನ ಕಡೆ ತಿರುಗಿದಳು.

"ನಾ ಬಾಯಿ ತಗೀತೀನ್ರಿ. ನೀವು ಮುಚ್ಚರಿ."