ಕಳ್ಳಜ್ಜಿ ಬಂದಿದ್ದಾಳೆ, ಗೇಟು ಹಾಕಿ

"ಅಣ್ಣಾ, ನಾಟಕ ಸಾಕು. ಕಣ್ಣೀರೇನೋ ಚೆನ್ನಾಗಿ ಬರ್ತಿದೆ, ಆದ್ರೆ ಮಗು ಕೊಡಲ್ಲ," ಎಂದು ಶಿಶುವಿಹಾರದ ಟೀಚರು ಗೇಟಿನ ಕಿಂಡಿ ಮುಚ್ಚಿದಳು.

ಹೊರಗೆ ನಿಂತವನು ಪರವೂರಿನ ದರ್ಜಿ. ತಾಯಿ ಸತ್ತು ಇನ್ನೂ ಅರ್ಧ ದಿನವಾಗಿರಲಿಲ್ಲ. ಅಳುವುದಕ್ಕೆ ಅವನಿಗೆ ಪುರುಸೊತ್ತು ಸಿಕ್ಕಿದ್ದೇ ಈ ಗೇಟಿನ ಮುಂದೆ. ಇಲ್ಲಿ ನೋಡಿದರೆ ಆ ಅಳುವಿಗೂ ಬೆಲೆಯಿಲ್ಲ.

"ಟೀಚರ್, ನಾನು ಆ ಮಗು ಸೋದರಮಾವ ಕಣ್ರೀ. ನಮ್ಮಮ್ಮ ನಿಜವಾಗ್ಲೂ ಹೋಗ್ಬಿಟ್ಳು."

ಕಿಂಡಿ ತೆರೆಯಿತು. "ಬೆಳಿಗ್ಗೆ ಮೊಮ್ಮಗಳನ್ನ ಬಿಡೋಕೆ ಬಂದು ನನ್ನ ಬೆವರಿಳಿಸಿ ಹೋದ್ರು. ಅಷ್ಟು ಜೋರಾಗಿ ಬೈದವರು ಮಧ್ಯಾಹ್ನಕ್ಕೆ ಸಾಯ್ತಾರಾ? ಈ ವಾರ ತರಬೇತಿ ಇದೆ ಅಂತ ನಮಗೂ ಗೊತ್ತು."

"ನನ್ನ ತಂಗಿ ಫೋನು ಮಾಡಿದ್ಳಲ್ಲ?"

"ಮಾಡಿದ್ರು. ಬಿಕ್ಕಿ ಬಿಕ್ಕಿ ಅತ್ರು. ನಿಮ್ಮಮ್ಮನೂ ಫೋನಲ್ಲಿ ಹಾಗೇ ಅಳ್ತಾರೆ."

ದರ್ಜಿ ತನ್ನ ಫೋನು ತೆಗೆದು, ಚಾಪೆಯ ಮೇಲೆ ಮಲಗಿಸಿದ ತಾಯಿಯ ಚಿತ್ರ ತೋರಿಸಿದ.

"ಕಣ್ಣು ಮುಚ್ಕೊಂಡು ಮಲಗೋದು ನಮಗೂ ಬರತ್ತೆ," ಎಂದಳು ಟೀಚರು.

*

ದರ್ಜಿಯ ಮುದಿ ತಾಯಿ ಬಹಳ ವರ್ಷ ಆಯಾ ಆಗಿದ್ದವಳು. ಮಂಡಿ ಸೋತ ಮೇಲೆ, ಶಿಶುವಿಹಾರದ ಸಿಬ್ಬಂದಿಗೆ ಮಕ್ಕಳ ಸುರಕ್ಷತೆ ಕಲಿಸುವವರು ಅವಳನ್ನು ಕರೆದು ಕಳ್ಳಿಯ ಪಾತ್ರ ಕೊಟ್ಟರು. ಹೇಳದೆ ಕೇಳದೆ ಬಂದು ಮಗುವನ್ನು ಹಾರಿಸಿಕೊಂಡು ಹೋಗಬೇಕು, ಟೀಚರುಗಳು ಬಿಡಬಾರದು. ದುಂಡು ಮುಖ, ಬೊಚ್ಚು ಬಾಯಿಯ ನಗು, ಯಾರು ತಾನೇ ಅನುಮಾನ ಪಟ್ಟಾರು? ಒಂದು ಕಡೆ ಬಾಗಿಲಲ್ಲೇ ತಲೆ ಸುತ್ತಿ ಬಿದ್ದಳು. ಎಲ್ಲರೂ ನೀರಿಗೆ ಓಡಿದರು. ನೀರು ಬರುವಷ್ಟರಲ್ಲಿ ಮುದುಕಿಯೂ ಇಲ್ಲ, ಒಂದು ಮಗುವೂ ಇಲ್ಲ. ಕಳ್ಳಜ್ಜಿ ಎಂದು ಹೆಸರಾಯಿತು. ಮುಖ ಪರಿಚಯವಾದ ಕಡೆಗೆ ಬೇರೆಯವರನ್ನು ಕಳಿಸತೊಡಗಿದಳು. ಒಮ್ಮೆ ಮೀಟರು ಓದುವವನನ್ನು, ಇನ್ನೊಮ್ಮೆ ತುಂಬು ಬಸುರಿಯನ್ನು.

ಈ ಟೀಚರು ಆಗ ಕೆಲಸಕ್ಕೆ ಸೇರಿದ ಹೊಸದು. ಫೋನಿನಲ್ಲಿ ಯಾರೋ ತಾಯಿ ಅತ್ತಳು, ಮಗುವಿನ ಅಜ್ಜ ತೀರಿಕೊಂಡರೆಂದು. ಹಿಂದೆಯೇ ಕಣ್ಣೊರೆಸಿಕೊಳ್ಳುತ್ತ ಮುದುಕಿ ಬಂದಳು. ಟೀಚರು ತಾನೂ ಅತ್ತು, ಮಗುವಿಗೆ ಚಪ್ಪಲಿ ಹಾಕಿ, ಚೀಲವನ್ನೂ ಕೊಟ್ಟು, ಆಟೋ ಕರೆಯಲೇ ಎಂದು ಬೇರೆ ಕೇಳಿದಳು.

ಮುದುಕಿ ಬೀದಿಯ ತಿರುವು ದಾಟಿ ಮಗುವಿನೊಂದಿಗೆ ವಾಪಸು ಬಂದಳು. ಟೀಚರು ಮಗುವನ್ನು ಕಸಿದು ಅಪ್ಪಿಕೊಂಡಳು.

"ಸಾವು ಅಂದ್ರೆ ಯಾರೂ ತಿರುಗಿ ಪ್ರಶ್ನೆ ಕೇಳಲ್ಲ ಮಗಳೇ. ಅದಕ್ಕೇ ಕಳ್ಳರು ಮೊದ್ಲು ಯಾರನ್ನಾದ್ರೂ ಸಾಯಿಸ್ತಾರೆ," ಎಂದಳು ಕಳ್ಳಜ್ಜಿ. ಟೀಚರು ಸುಧಾರಿಸಿಕೊಳ್ಳುವವರೆಗೂ ಹೋಗಲಿಲ್ಲ. ಮಕ್ಕಳ ಚಾಪೆಗಳನ್ನೆಲ್ಲ ಅವಳೇ ಮಡಿಸಿಟ್ಟಳು.

*

ಮೂರನೇ ಮಹಡಿಯ ಮನೆಯಲ್ಲಿ ಮುದುಕಿಯ ಮಗಳು ಸೊಂಟದವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಂಚದ ಮೇಲಿದ್ದಳು. ಗಂಡ ಹಡಗಿನ ಕೆಲಸದವನು, ಎಲ್ಲೋ ನಡುನೀರಿನಲ್ಲಿ.

"ಬರಿಗೈಲಿ ಬಂದ್ಯಾ ಅಣ್ಣಾ?"

"ನಾನು ಅಮ್ಮ ಕಳಿಸಿದ ಕಳ್ಳನಂತೆ. ಚೆನ್ನಾಗಿ ಅಳ್ತೀಯ ಅಂದ್ಳು."

ನೆರೆಮನೆಯ ಕೊಳಾಯಿ ರಿಪೇರಿಯವನು ಕೆಮ್ಮುವ ನೆಪದಲ್ಲಿ ನಕ್ಕ. "ಸಂಜೆಗೆ ಮಸಣದ ಗೇಟು ಹಾಕ್ತಾರಮ್ಮ. ಹೊರಡೋಣ. ಮಗೂಗೆ ಆಮೇಲೆ ಹೇಳಿದ್ರಾಯ್ತು."

"ಏನಂತ ಹೇಳ್ಲಿ? ಅಜ್ಜಿ ಬರ್ತಾಳೆ ಅಂತ ಬಾಗಿಲು ನೋಡ್ಕೊಂಡು ಕೂತಿರತ್ತೆ ಅದು. ನಾಳೆನೂ ಕೂರತ್ತೆ, ನಾಡಿದ್ದೂ ಕೂರತ್ತೆ. ಮಗು ನೋಡದೆ ಅಮ್ಮನ್ನ ಒಯ್ಯೋ ಹಾಗಿಲ್ಲ."

"ಹಾಗಾದ್ರೆ ಮಗು ಕರ್ಕೊಂಡ್ಬರೋಕೆ ನಿನ್ನನ್ನೇ ಮಂಚದ ಸಮೇತ ಇಳಿಸೋಣ," ಎಂದು ಕೊಳಾಯಿಯವನು ಮೆಟ್ಟಿಲಿಗೆ ಹೋಗಿ ಗೇಣು ಹಾಕಿ ಅಳೆದು ಬಂದ. "ತಿರುವಲ್ಲಿ ಸಿಕ್ಕಾಕ್ಕೊಂಡ್ರೆ ಮೇಲಿನವರು ಮೇಲೇ, ಕೆಳಗಿನವರು ಕೆಳಗೇ."

ಮಗಳು ಚಾಪೆಯ ಮೇಲಿದ್ದ ತಾಯಿಯ ಮುಖ ನೋಡಿದಳು.

"ಮಗು ಕರ್ಕೊಂಡು ಬರೋಕೆ ಒಪ್ಪಿಗೆ ಇರೋದು ನಂಗೆ, ಅಮ್ಮಂಗೆ, ಇಬ್ರಿಗೇ. ನನ್ನ ಕೈಲಾಗಲ್ಲ. ಅಮ್ಮನೇ ಹೋಗ್ಲಿ."

"ಶಿಶುವಿಹಾರಕ್ಕಾ?" ಎಂದ ದರ್ಜಿ.

"ಮಸಣಕ್ಕೂ ದಾರಿ ಅದೇ ತಾನೇ?"

ವ್ಯಾನು ಗೇಟಿನ ಮುಂದೆ ನಿಂತಾಗ ಕಿಂಡಿಯಲ್ಲಿ ಟೀಚರಿನ ಕಣ್ಣು ಕಾಣಿಸಿತು. "ಈ ಸಲ ವ್ಯಾನು ಬೇರೆನಾ! ಭಾರಿ ತಯಾರಿ!"

ಆದರೂ ಹೊರಗೆ ಬಂದಳು. ಬಂದು, ಹಿಂದೆ ಗೇಟಿಗೆ ಬೀಗ ಹಾಕಿ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ವ್ಯಾನು ಹತ್ತಿದಳು.

"ಏಳಿ ಅಜ್ಜೀ, ಸಾಕು. ನಾನು ಕೊಡ್ಲಿಲ್ಲ. ಈ ಸಲ ನಾನೇ ಗೆದ್ದೆ."

ಮುದುಕಿ ಏಳಲಿಲ್ಲ. ಟೀಚರು ನಗುತ್ತಲೇ ಕೆನ್ನೆ ಮುಟ್ಟಿದಳು. ನಗು ಮುಖದಲ್ಲಿ ಹಾಗೇ ನಿಂತುಬಿಟ್ಟಿತು. ದರ್ಜಿ ಬೇರೆ ಕಡೆ ತಿರುಗಿಕೊಂಡ.

ಒಳಗೆ ಹೋದವಳು ಉಳಿದ ಮಕ್ಕಳನ್ನು ಆಯಾಗೆ ವಹಿಸಿ, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಅಳುತ್ತಿದ್ದಳು. ಸೋದರಮಾವ ಎರಡೂ ಕೈ ಚಾಚಿದ. "ಬಾರೇ ಬಂಗಾರ, ಮಾಮನ ಹತ್ರ ಬಾ."

ಮಗು ಟೀಚರಿನ ಕುತ್ತಿಗೆಗೆ ಅಂಟಿಕೊಂಡಿತು. ಟೀಚರೂ ಬಿಡಲಿಲ್ಲ. "ಎಲ್ಲಾ ಮುಗಿದ ಮೇಲೆ ಇದನ್ನ ತಾಯಿ ಕೈಗೇ ಕೊಡೋದು ನಾನು. ನೀವು ಮುಂದೆ ಡ್ರೈವರ್ ಪಕ್ಕ ಕೂತ್ಕೊಳ್ಳಿ."

ತನ್ನ ತಾಯಿಯ ವ್ಯಾನಿನಲ್ಲಿ ದರ್ಜಿ ತೆಪ್ಪಗೆ ಮುಂದೆ ಹೋಗಿ ಕುಳಿತ.

ವ್ಯಾನು ಹೊರಟಿತು. ಮಗು ಟೀಚರಿನ ತೊಡೆಯಿಂದ ಬಗ್ಗಿ ಅಜ್ಜಿಯ ಕಿವಿಗೆ ಬಾಯಿಟ್ಟಿತು.

"ಅಜ್ಜೀ, ಆ ಮಾಮ ಕರೆದ. ನಾನು ಹೋಗ್ಲಿಲ್ಲ."

ಹೇಳಿ, ಶಹಬ್ಬಾಸ್ ಅನ್ನುತ್ತಾಳೇನೋ ಎಂದು ಅಜ್ಜಿಯ ಬಾಯಿಯನ್ನೇ ನೋಡುತ್ತ ಕುಳಿತಿತು.