ಪ್ರಾಸಕ್ಕಾಗಿ ಪಕ್ಕದಲ್ಲಿದ್ದವಳು

ನಮ್ಮೂರಿನವರು ಶುಕ್ರವಾರದ ವಾರಪತ್ರಿಕೆಯನ್ನು ಹಿಂದಿನ ಪುಟದಿಂದ ಓದುತ್ತಾರೆ. ಯುದ್ಧ ಮುಗಿದ ವಾರದಲ್ಲೂ ಹಾಗೇ ಓದಿದರು. ಹಿಂದಿನ ಪುಟದಲ್ಲಿ ಸತ್ತವರ ನೆನಪಿನ ಅಂಕಣವಿದೆ. ಅಮ್ಮ ತೀರಿಕೊಂಡು ವರ್ಷವಾಯಿತೆಂದರೆ ಮಕ್ಕಳು ಅಲ್ಲಿ ನಾಲ್ಕು ಸಾಲಿನ ಪದ್ಯ ಹಾಕಿಸಬೇಕು. ಮರುವರ್ಷವೂ ಹಾಕಿಸಬೇಕು, ಅದರ ಮರುವರ್ಷವೂ. ತಪ್ಪಿಸಿದರೆ ಅಂಗಡಿಯ ಸಾಲಿನಲ್ಲಿ ನಿಂತ ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಾರೆ.

ಪತ್ರಿಕೆಯ ಕಚೇರಿಯಲ್ಲಿ ಆ ಪದ್ಯಗಳನ್ನು ಬರೆದುಕೊಳ್ಳುವ ಕಿಟಕಿಯ ಹಿಂದೆ ಇಪ್ಪತ್ತೆರಡು ವರ್ಷ ಕೂತವಳು ನಾನು, ಮ್ಯೂರಿಯಲ್ ಶೋರಾಕ್. ನನ್ನ ಮುಂದೆ ಒಂದು ದಪ್ಪ ಪುಸ್ತಕ. ಅದರಲ್ಲಿ ಅರವತ್ತಮೂರು ಪದ್ಯಗಳು, ಒಂದೊಂದಕ್ಕೂ ಒಂದು ನಂಬರು. "ನಮ್ಗೆ ಹತ್ತೊಂಬತ್ತು ಹಾಕಮ್ಮ, ಅಪ್ಪಂಗೂ ಅದೇ ಹಾಕಿದ್ವಿ" ಎಂದು ಬಂದವರು ಹೇಳುತ್ತಾರೆ, ಚಪ್ಪಲಿಯ ಅಳತೆ ಹೇಳಿದ ಹಾಗೆ. ಆ ಅರವತ್ತಮೂರರಲ್ಲಿ ಅರ್ಧಕ್ಕಿಂತ ಹೆಚ್ಚು ನಾನೇ ಕಟ್ಟಿದವು. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಎಲ್ಲರಿಗೂ ಗೊತ್ತಿತ್ತು.

ಪ್ರಾಸ ಕಟ್ಟುವವರಿಗೆ ಒಂದು ಸಂಗತಿ ಬೇಗ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಕೆಲವು ಪದಗಳಿಗೆ ಎಂದೋ ಮದುವೆಯಾಗಿಬಿಟ್ಟಿದೆ. 'ಇಯರ್ಸ್' ಎಂದು ವರ್ಷಗಳ ಮಾತು ತೆಗೆದರೆ 'ಟಿಯರ್ಸ್' ಎಂದು ಕಣ್ಣೀರು ಹಿಂದೆಯೇ ಬರುತ್ತದೆ, ಆ ಮನೆಯಲ್ಲಿ ಯಾರೂ ಅತ್ತಿರದಿದ್ದರೂ. ಸತ್ತವನಿಗೆ 'ರೆಸ್ಟ್', ಅಂದರೆ ವಿಶ್ರಾಂತಿ ಸಿಕ್ಕಿತು ಎಂದರೆ ಅವನು 'ಬೆಸ್ಟ್', ಎಲ್ಲರಿಗಿಂತ ಒಳ್ಳೆಯವನು, ಆಗಲೇಬೇಕು. ಹೆಂಡತಿಗೆ ಹೊಡೆಯುತ್ತಿದ್ದ ಕಲ್ಲಿದ್ದಲು ಮಾರುವವನೂ ನನ್ನ ಕೈಯಲ್ಲಿ ಬೆಸ್ಟ್ ಆಗಿ ಹೋದ. 'ಲವ್' ಬಂದರೆ 'ಅಬವ್', ಮೇಲಿನ ಲೋಕ. ಹಾಗಾಗಿ ನಮ್ಮೂರಿನಿಂದ ನರಕಕ್ಕೆ ಹೋದವರು ಒಬ್ಬರೂ ಇಲ್ಲ. ಇನ್ನು 'ಡೈಡ್', ತೀರಿಕೊಂಡಳು ಎಂದರೆ 'ಸೈಡ್', ಪಕ್ಕ. ಈ ಒಂದು ಜೋಡಿ ಇಬ್ಬರು ಅಕ್ಕತಂಗಿಯರ ನಡುವಿನ ಮಾತನ್ನು ಹತ್ತು ವರ್ಷ ನಿಲ್ಲಿಸಿತು. ಆ ಜೋಡಿಯನ್ನು ತಂದು ಕೂರಿಸಿದವಳು ನಾನು.

ಹಿಲ್ಡಾ ಆರ್ಮೆರಾಡ್ ಅಕ್ಕ, ಕ್ಲಾರಿಸ್ ತಂಗಿ. ಇಬ್ಬರಿಗೂ ಮದುವೆಯಿಲ್ಲ, ಇಬ್ಬರೂ ಒಂದೇ ಬಟ್ಟೆ ಗಿರಣಿಯಲ್ಲಿ ನೇಯುವವರು. ಹಾಸಿಗೆ ಹಿಡಿದ ತಾಯಿಯನ್ನು ಆರು ವರ್ಷ ಸರದಿಯ ಮೇಲೆ ನೋಡಿಕೊಂಡರು. ಅವರಮ್ಮ ವಾರವಿಡೀ ಏನೂ ತಿನ್ನದೆ ಮಲಗಿದ್ದವಳು ಒಂದು ಬೆಳಿಗ್ಗೆ ಬಿಸಿ ಬ್ರೆಡ್ಡು, ಬೆಣ್ಣೆ ಬೇಕು ಎಂದಳು. ಕ್ಲಾರಿಸ್ ಖುಷಿಯಿಂದ ಶಾಲು ಹೊದ್ದು ಬೇಕರಿಗೆ ಓಡಿದಳು. ಹಿಂದಿರುಗುವಷ್ಟರಲ್ಲಿ ಅಮ್ಮ ಇರಲಿಲ್ಲ.

ಮೊದಲ ವರ್ಷದ ಪದ್ಯಕ್ಕೆ ಹಿಲ್ಡಾ ಊಟದ ಬಿಡುವಿನಲ್ಲಿ ಬಂದಳು. "ಇಬ್ರೂ ಸೇರಿ ನೋಡ್ಕೊಂಡ್ವಿ ಅಂತ ಬರಬೇಕು" ಎಂದಳು. ನಾನು ಪೆನ್ಸಿಲ್ ಕಚ್ಚಿಕೊಂಡು ಕೂತೆ. 'ಇಬ್ಬರು' ಸಾಲಿಗೆ ಹೊಂದಲಿಲ್ಲ. ಕೊನೆಗೆ ಹೊಳೆದದ್ದರ ಅರ್ಥ ಸುಮಾರಾಗಿ ಹೀಗೆ: ಸದ್ದಿಲ್ಲದೆ ಬೆಳಿಗ್ಗೆ ಅಮ್ಮ ತೀರಿಕೊಂಡಳು, ಒಬ್ಬಳೇ ನಾನಿದ್ದೆ ಅವಳ ಪಕ್ಕದೊಳು. ಡೈಡ್, ಸೈಡ್. ಎಷ್ಟು ಚೆನ್ನಾಗಿ ಕೂತಿತು! 'ಒಬ್ಬಳೇ' ಎಂದ ಮೇಲೆ ಎರಡು ಹೆಸರು ಕೂಡುವುದಿಲ್ಲವಲ್ಲ, ಅದಕ್ಕೆ ಕೆಳಗೆ 'ಹಿಲ್ಡಾ ಮತ್ತು ಮನೆಯವರು' ಎಂದೆ. ಹಿಲ್ಡಾ ಎರಡು ಸಲ ಓದಿ, ರುಜು ಹಾಕಿ, ಗಿರಣಿಯ ಸೀಟಿ ಊದಿದ್ದು ಕೇಳಿ ಓಡಿದಳು.

ಶುಕ್ರವಾರ ಊರೆಲ್ಲ ಓದಿತು. ಮಗ್ಗಗಳ ಗದ್ದಲದಲ್ಲಿ ನಮ್ಮ ನೇಕಾರರಿಗೆ ಕಿವಿ ಕೆಲಸಕ್ಕೆ ಬರುವುದಿಲ್ಲ. ಸದ್ದಿಲ್ಲದೆ ಬಾಯಿ ಆಡಿಸಿ ಮಾತಾಡುತ್ತಾರೆ, ಎದುರಿನವರು ತುಟಿ ನೋಡಿ ಓದಿಕೊಳ್ಳುತ್ತಾರೆ. ಅಂದು ಕ್ಲಾರಿಸ್ ಕಣ್ಣೆತ್ತಿದ ಕಡೆಯೆಲ್ಲ ಒಂದೇ ತುಟಿಗಳು: ಹಿಲ್ಡಾ ಒಬ್ಬಳೇ ಇದ್ದಳಂತೆ. ಕ್ಲಾರಿಸ್ ಇರಲಿಲ್ಲವಂತೆ. ಸಂಜೆ ಅವಳು ಪೆಟ್ಟಿಗೆ ಕಟ್ಟಿಕೊಂಡು ಅದೇ ಬೀದಿಯ ಇನ್ನೊಂದು ತುದಿಯಲ್ಲಿ ಕೋಣೆ ಹಿಡಿದಳು.

ಮರುವರ್ಷದಿಂದ ಒಂದೇ ತಾಯಿಗೆ ಎರಡು ಪದ್ಯ. ಹಿಲ್ಡಾ ಸೋಮವಾರ ಬರುತ್ತಿದ್ದಳು, ಕ್ಲಾರಿಸ್ ಮಂಗಳವಾರ. ಒಬ್ಬಳು ಕರ್ತವ್ಯದ ಪದ್ಯ ಆರಿಸಿದರೆ ಇನ್ನೊಬ್ಬಳು ಡಂಗುರ ಹೊಡೆಯದ ಪ್ರೀತಿಯ ಪದ್ಯ. ನಂಬರುಗಳಲ್ಲೇ ಜಗಳ. ಶುಕ್ರವಾರ ಊರು ಬಾಯಿ ಚಪ್ಪರಿಸುತ್ತಿತ್ತು. ನಾನೂ ಚಪ್ಪರಿಸಿದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಅವರ ಮಾತು ನಿಂತ ಹತ್ತನೆಯ ವರ್ಷ ನವೆಂಬರಿನಲ್ಲಿ ಹಿಲ್ಡಾ ಬಂದಾಗ ಗುರುತೇ ಸಿಗಲಿಲ್ಲ. ಹತ್ತಿಯ ಧೂಳು ಅವಳ ಶ್ವಾಸಕೋಶ ತಿಂದಿತ್ತು. ಬೆಂಚಿನ ಮೇಲೆ ಕೂತು ಬಹಳ ಹೊತ್ತು ಉಸಿರು ಕೂಡಿಸಿಕೊಂಡಳು.

"ಯಾವ ನಂಬರು, ಹಿಲ್ಡಾ?"

"ಪುಸ್ತಕ ಮುಚ್ಚು. ಮುಂದಿನ ವರ್ಷ ಆ ಅಂಕಣದಲ್ಲಿ ನನ್ನ ಹೆಸ್ರೇ ಇರುತ್ತೆ. ಅಷ್ಟರೊಳಗೆ ಒಂದು ಸಲ ನಿಜ ಅಚ್ಚಾಗ್ಲಿ."

"ಡಾಕ್ಟ್ರು ಏನಂದ್ರು?"

"ಕ್ರಿಸ್‌ಮಸ್ ಕೇಕ್ ಮಾಡ್ಕೋ, ಈಸ್ಟರ್‌ಗೆ ಹೊಸ ಟೋಪಿ ತಗೋಬೇಡ ಅಂದ್ರು." ನಕ್ಕಳು, ನಗು ಕೆಮ್ಮಾಯಿತು. ಉಸಿರು ಸಾಲದೆ ಉಳಿದದ್ದನ್ನು ಬಾಯಿ ಮಾತ್ರ ಆಡಿಸಿ ಹೇಳಿದಳು. ನನ್ನಮ್ಮನೂ ನೇಯುವವಳು, ನನಗೆ ಓದಲು ಬರುತ್ತದೆ. *ಕ್ಲಾರಿಸ್ ಬರದೆ ನಾನು ಹೋಗೋದು ಬೇಡ ಮ್ಯೂರಿಯಲ್.*

ನನ್ನ ಎದೆಯಲ್ಲಿ ಹತ್ತು ವರ್ಷದಿಂದ ಕೂತದ್ದು ಹೊರಗೆ ಬಂತು. "ಆ 'ಒಬ್ಬಳೇ' ಅನ್ನೋದು ನೀನು ಹೇಳಿದ್ದಲ್ಲ. ಸಾಲಿಗೆ ಸರಿಹೋಗ್ಲಿ ಅಂತ ನಾನು ಹಾಕಿದ್ದು. ತಪ್ಪು ನಂದು."

"ಅಯ್ಯೋ ಮಂಕೇ, ನಂಗೆ ಓದೋಕೆ ಬರಲ್ವಾ? ಎರಡು ಸಲ ಓದ್ದೆ. ಕೇಳೋಕೆ ಚೆನ್ನಾಗಿತ್ತು. ಆರು ವರ್ಷದಲ್ಲಿ ನನ್ನನ್ನ ಯಾರೂ ಹೊಗಳಿರ್ಲಿಲ್ಲ. ಬಿಟ್ಟೆ." ಅವಳು ಕೈಚೀಲದಿಂದ ಚೀಟಿ ತೆಗೆದಳು. "ಇದನ್ನ ಹಾಗೇ ಹಾಕು. ನಿನ್ನ ಕೈಚಳಕ ತೋರಿಸ್ಬೇಡ."

ಚೀಟಿಯಲ್ಲಿ ಇದ್ದದ್ದು ಇಷ್ಟು: *ಅಮ್ಮನನ್ನು ಕ್ಲಾರಿಸ್ ಆರು ವರ್ಷ ನೋಡಿಕೊಂಡಳು. ಕೊನೆಯ ಬೆಳಿಗ್ಗೆ ಅಮ್ಮ ಕೇಳಿದ ಬ್ರೆಡ್ಡು ತರಲು ಹೋಗಿದ್ದಳು. ನಾನು ಸರಿಯಾಗಿ ಹೇಳಲಿಲ್ಲ. ಹಿಲ್ಡಾ.*

ಸಂಪಾದಕ ಪಾಮ್‌ಫ್ರೆಟ್ ಸಾಹೇಬರು ಅದನ್ನು ಬೆಳಕಿಗೆ ಹಿಡಿದು ನೋಡಿದರು, ಪ್ರಾಸ ಎಲ್ಲೋ ಹಿಂದೆ ಅಂಟಿಕೊಂಡಿದೆ ಎಂಬಂತೆ.

"ಇದೇನ್ರೀ ಮಿಸ್ ಶೋರಾಕ್? ಬದುಕಿರೋರ ಹೆಸರು ಆ ಅಂಕಣದೊಳಗೆ ಹಾಕೋ ಹಾಗಿಲ್ಲ. ಪದ್ಯವೂ ಅಲ್ಲ. ಇವತ್ತು ಇದು ಬಿಟ್ರೆ ನಾಳೆ ಊರಿನ ಅತ್ತೆ ಸೊಸೆ ಜಗಳವೆಲ್ಲ ಇಲ್ಲೇ."

"ಹತ್ತು ವರ್ಷದಿಂದ ಜಗಳವೇ ಹಾಕಿದ್ದೀವಿ ಸಾರ್, ಪ್ರಾಸ ಇತ್ತು ಅಂತ ನಿಮ್ಗೆ ಕಾಣಿಸ್ಲಿಲ್ಲ. ಇದನ್ನ ಹಾಕದಿದ್ರೆ ನಾಳೆಯಿಂದ ಆ ಕಿಟಕಿಗೆ ಬೇರೆಯೋರನ್ನ ನೋಡ್ಕೊಳ್ಳಿ."

ನಾನು ಅಂಥ ಮಾತು ಆಡುವವಳಲ್ಲ. ಸಾಹೇಬರು ಕನ್ನಡಕ ಒರೆಸಿಕೊಂಡರು, "ಒಂದೇ ಸಲ" ಎಂದರು.

ಮಂಗಳವಾರ ಕ್ಲಾರಿಸ್ ಬಂದಳು. "ನಲವತ್ತೊಂದು" ಎಂದಳು, ಅದೇ ಡಂಗುರ ಹೊಡೆಯದ ಪ್ರೀತಿಯ ಪದ್ಯ. ನಮಸ್ಕಾರವಿಲ್ಲ, ಏನಿಲ್ಲ. ಒಬ್ಬರು ಕೊಟ್ಟದ್ದನ್ನು ಅಚ್ಚಾಗುವ ಮೊದಲು ಇನ್ನೊಬ್ಬರಿಗೆ ತೋರಿಸುವುದು ನಮ್ಮಲ್ಲಿ ಮಹಾಪರಾಧ. ಹಿಲ್ಡಾಳ ಚೀಟಿ ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ಅದನ್ನು ಮುಟ್ಟಲಿಲ್ಲ. ನನ್ನ ತಪ್ಪನ್ನು ಮಾತ್ರ, 'ಒಬ್ಬಳೇ' ಎಂದು ಹಾಕಿದ್ದು ನಾನೇ ಎಂದು, ಹೇಳಿದೆ.

"ಹತ್ತು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ದೆ, ಮಿಠಾಯಿನಾ?"

"ಹೆದರಿಕೆ. ಆಮೇಲೆ ಅಭ್ಯಾಸ ಆಗೋಯ್ತು."

ಕ್ಲಾರಿಸ್ ಕೈಗವಸನ್ನು ಬೆರಳು ಬೆರಳಾಗಿ ಎಳೆದು ಹಾಕಿಕೊಂಡಳು. "ನೀನು ಬರೆದೆ, ಇರ್ಲಿ. ನಿನ್ನ ಹೊಟ್ಟೆಪಾಡು. ಅವಳು ಓದಿ ರುಜು ಹಾಕಿದ್ಲಲ್ಲ! ಒಂದು ಸಲ ಬಂದು, ಸುಳ್ಳಾಯ್ತು ಕಣೇ ಅಂದಿದ್ರೆ ಸಾಕಿತ್ತು. ಆ ಬ್ರೆಡ್ಡು ಇನ್ನೂ ನನ್ನ ಕೈಯಲ್ಲೇ ಬಿಸಿಯಾಗಿದೆ ಮ್ಯೂರಿಯಲ್. ನಲವತ್ತೊಂದೇ ಹಾಕು."

ಹಾಕಿದೆ. ಶುಕ್ರವಾರ ಒಂದರ ಕೆಳಗೊಂದು ಬಂದವು: ಹಿಲ್ಡಾಳ ಬೋಳು ಮಾತು, ಅದರ ಕೆಳಗೆ ಕ್ಲಾರಿಸಳ ನಲವತ್ತೊಂದು. ಊರು ಈ ಸಲ ಬಾಯಿ ಚಪ್ಪರಿಸಲಿಲ್ಲ. ಅಂಗಡಿಯ ಸಾಲಿನಲ್ಲಿ ಒಬ್ಬ ಮುದುಕಿ "ಇದರಲ್ಲಿ ಪ್ರಾಸವೇ ಇಲ್ವಲ್ಲ" ಎಂದಳು.

ಮಧ್ಯಾಹ್ನ ನನಗೆ ಕೂರಲಾಗದೆ ಅವರ ಬೀದಿಗೆ ಹೋದೆ. ಹೋಗಲು ಒಂದು ನೆಪ ಬೇಕಲ್ಲ, ಕೈಯಲ್ಲಿ ಪತ್ರಿಕೆಯ ಕಟ್ಟು ಹಿಡಿದಿದ್ದೆ. ಹಿಲ್ಡಾ ಕಿಟಕಿಯ ಗಾಜಿನ ಹಿಂದೆ ಕಂಬಳಿ ಹೊದ್ದು ಕೂತಿದ್ದಳು. ಎದುರು ಬದಿಯಲ್ಲಿ ಕ್ಲಾರಿಸ್, ಕಂಕುಳಲ್ಲಿ ಕಾಗದ ಸುತ್ತಿದ ಬ್ರೆಡ್ಡು. ಬಾಗಿಲು ತಟ್ಟಲು ಅವಳಿಗೆ ಕಾಲು ಬರುತ್ತಿರಲಿಲ್ಲ. ಇವಳಿಗೆ ಎದ್ದು ತೆಗೆಯಲು ಉಸಿರಿರಲಿಲ್ಲ. ಹಿಲ್ಡಾ ಗಾಜಿನ ಹಿಂದಿನಿಂದ ಬಾಯಿ ಆಡಿಸಿದಳು. ಕ್ಲಾರಿಸ್ ಆಡಿಸಿದಳು. ನಡುವೆ ಹಾಲಿನ ಗಾಡಿ ಹೋಯಿತು, ಮಕ್ಕಳು ಕಿರುಚಿಕೊಂಡು ಓಡಿದರು. ಅವರ ಮಾತಿಗೆ ಅದರಿಂದ ಏನೂ ತೊಂದರೆಯಾಗಲಿಲ್ಲ. ನನಗೆ ತುಟಿ ಓದಲು ಬರುತ್ತದೆ ಎಂದೆನಲ್ಲ. ಅಂದು ಮುಖ ತಿರುಗಿಸಿಕೊಂಡೆ. ಜೀವನದಲ್ಲಿ ಒಮ್ಮೆಯಾದರೂ ಅವರ ನಡುವೆ ನನ್ನ ಪದ ಬೇಡವೆನ್ನಿಸಿತು. ತಿರುಗಿ ನೋಡಿದಾಗ ಕ್ಲಾರಿಸ್ ಬೀದಿ ದಾಟಿ ಒಳಗೆ ಹೋಗಿದ್ದಳು, ಬಾಗಿಲು ಅರ್ಧ ತೆರೆದಿತ್ತು.

ಕ್ಲಾರಿಸಳ ಪೆಟ್ಟಿಗೆ ಮರುದಿನವೇ ವಾಪಸು ಬಂತಂತೆ.

ಡಾಕ್ಟರ ಲೆಕ್ಕಕ್ಕಿಂತ ಹಿಲ್ಡಾ ಮೂರು ವಾರ ಹೆಚ್ಚು ಬದುಕಿದಳು. ಈಸ್ಟರಿಗೆ ಟೋಪಿಯನ್ನೂ ಕೊಂಡಳು, ಹಟಕ್ಕೆ. ಅವಳನ್ನು ಮಣ್ಣು ಮಾಡಿದ ಮರುದಿನ ಕ್ಲಾರಿಸ್ ನನ್ನ ಕಿಟಕಿಗೆ ಬಂದಳು. ನಾನು ಪುಸ್ತಕದ ಕಡೆ ಕೈ ಚಾಚಲಿಲ್ಲ. ಖಾಲಿ ಹಾಳೆ ಇಟ್ಟುಕೊಂಡೆ. ಆ ನವೆಂಬರಿನಿಂದ ನಾನು ಹೊಸ ಪದ್ಯ ಕಟ್ಟಿರಲಿಲ್ಲ.

"ನೀನು ಹೇಳು, ಹಾಗೇ ಬರೀತೀನಿ" ಎಂದೆ.

"ಬೋಳು ಮಾತು ಬೇಡ. ಅದು ಅವಳ ಪಾಲು, ಅವಳು ಹೇಳಿ ಆಯ್ತು. ನಂಗೆ ಪದ್ಯ ಬೇಕು. ಪ್ರಾಸ ಇರಬೇಕು."

"ಕ್ಲಾರಿಸ್, ನನ್ನ ಪ್ರಾಸ ನಂಬ್ತೀಯಾ?"

"ಆ ಸೈಡ್ ಅನ್ನೋ ಪದ ಹಾಕು. ಪಕ್ಕದಲ್ಲಿದ್ದೆ ಅನ್ನೋದು. ಕೊನೇ ದಿನ ಬೆಳಿಗ್ಗೆ ಎದ್ದವಳು ಬ್ರೆಡ್ಡು ಬೇಕು ಅಂದ್ಲು. ಅಮ್ಮನ ಹಾಗೇ. ಪಕ್ಕದ್ಮನೆಯವಳನ್ನ ಕಳಿಸಿದೆ, ನಾನು ಏಳ್ಲಿಲ್ಲ. ಅವಳ ಕೈ ಬಿಡ್ಲಿಲ್ಲ. ಈ ಸಲ ಆ ಪದ ಸುಳ್ಳಲ್ಲ."

ಬರೆದೆ. ಸಾಲಿನ ಕೊನೆಯಲ್ಲಿ ಸೈಡ್ ಕೂತಿತು. ಅದರ ಮೇಲಿನ ಸಾಲು ಖಾಲಿ. ಅದರ ಜೊತೆಯ ಪದ ಯಾವುದೆಂದು ನನಗೂ ಗೊತ್ತು, ಅವಳಿಗೂ ಗೊತ್ತು. ಸಾವಿರ ಸಲ ಯೋಚಿಸದೆ ಬರೆದ ಪದ ಅದು. ಮೊದಲ ಸಲ ಅದರ ಅರ್ಥ ಕಣ್ಣಿಗೆ ಬಿತ್ತು, ಪೆನ್ಸಿಲ್ ಮುಂದೆ ಹೋಗಲಿಲ್ಲ.

"ನಾನೇ ಹೇಳ್ತೀನಿ" ಎಂದಳು ಕ್ಲಾರಿಸ್. ಬಾಯಿ ತೆರೆದಳು. ಮಗ್ಗದ ಎದುರು ನಿಂತವಳಂತೆ ಸದ್ದಿಲ್ಲದೆ ತುಟಿ ಆಡಿಸಿದಳು.

ನಾನು ಅವಳ ತುಟಿ ನೋಡಿ ಬರೆದುಕೊಂಡೆ.